ದಿನದ ವಾಚನ ಫೋನಿಗೆ ಬಂದರೆ ಮೂರು ವರ್ಷಕ್ಕೆ ಬೈಬಲ್ ಮುಗಿಯುತ್ತದೆಯೇ?

ಪ್ರಶ್ನೆ: ದಿನದ ಬೈಬಲ್ ವಾಚನ ಬೆಳಿಗ್ಗೆ ತಾನಾಗಿಯೇ ಫೋನಿಗೆ ಬರುವಂತೆ ಮಾಡಿಕೊಳ್ಳುವುದು ಹೇಗೆ? ಒಂದು ದಿನವೂ ಬಿಡದೆ ಓದಿದರೆ ಮೂರು ವರ್ಷಕ್ಕೆ ಇಡೀ ಬೈಬಲ್ ಮುಗಿಯುತ್ತದೆಯಲ್ಲವೇ?

ಉತ್ತರ: ಡೊಂಬಿವಲಿಯಿಂದ, ಪಿಂಪ್ರಿಯಿಂದ, ವಾಸ್ಕೋದಿಂದ ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ನಾನು ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕವೂ ತಪ್ಪಿದೆ. ಆದರೂ ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಪ್ರಶ್ನೆಯ ಎರಡನೆಯ ಭಾಗದಲ್ಲಿರುವ ನಂಬಿಕೆಯಿಂದ ಒಳ್ಳೆಯ ಓದುಗರು ವಿನಾಕಾರಣ ನೊಂದುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಮೊದಲ ಭಾಗ ಸುಲಭ. ದಿನದ ವಾಚನವನ್ನು, ಅಂದರೆ ಕಥೋಲಿಕ ಪೂಜೆಯಲ್ಲಿ ಆ ದಿನಕ್ಕೆಂದು ಗೊತ್ತುಮಾಡಿದ ಬೈಬಲ್ ಭಾಗಗಳನ್ನು, ಪ್ರಕಟಿಸುವ ತಾಣವು ಹೊಸದನ್ನು ಸೇರಿಸಿದಾಗಲೆಲ್ಲ ಒಂದು ಪಟ್ಟಿಯನ್ನೂ ತಿದ್ದಿಡುತ್ತದೆ. ಆ ಪಟ್ಟಿಯೇ ಫೀಡ್. ಫೋನಿನಲ್ಲಿ ಒಂದು ಫೀಡ್ ರೀಡರ್ ಆ್ಯಪ್ ಹಾಕಿಕೊಂಡು ಆ ಪಟ್ಟಿಯ ವಿಳಾಸವನ್ನು ಅದರಲ್ಲಿ ಸೇರಿಸಿದರೆ, ಆ್ಯಪ್ ಆಗಾಗ ಹೋಗಿ ನೋಡಿ ಹೊಸ ವಾಚನವನ್ನು ತಂದುಕೊಡುತ್ತದೆ. ಚಂದಾ ಎಂದೊಡನೆ ವಾರಪತ್ರಿಕೆಗೆ ಕಟ್ಟುವ ಹಣ ನೆನಪಾಗುವುದು ಸಹಜ, ಆದರೆ ಇಲ್ಲಿ ಸಾಮಾನ್ಯವಾಗಿ ಹಣವೂ ಬೇಡ, ಮೊಬೈಲ್ ನಂಬರೂ ಬೇಡ. ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣಿಸುವವರಿಗೆ ಕಿವಿಯಲ್ಲಿ ಕೇಳುವ ಪಾಡ್‌ಕಾಸ್ಟ್ ಹೆಚ್ಚು ಅನುಕೂಲ, ಅದೂ ಇಂಥದೇ ಫೀಡಿನ ಮೂಲಕ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಅನೇಕ ಫೀಡ್‌ಗಳಲ್ಲಿ ಇತ್ತೀಚಿನ ಕೆಲವು ದಿನಗಳ ವಾಚನಗಳಷ್ಟೇ ಇರುತ್ತವೆ, ಆದ್ದರಿಂದ ಊರಿಗೆ ಹೋಗಿ ಹದಿನೈದು ದಿನ ನೆಟ್‌ವರ್ಕ್ ಇಲ್ಲದೆ ಇದ್ದು ಬಂದರೆ ನಡುವಿನವು ಸಿಗದೇ ಹೋಗಬಹುದು.

ಎರಡನೆಯ ಭಾಗಕ್ಕೆ ಉತ್ತರ: ಇಲ್ಲ, ಮುಗಿಯುವುದಿಲ್ಲ. ಮೂರು ವರ್ಷಕ್ಕಲ್ಲ, ಮೂವತ್ತು ವರ್ಷಕ್ಕೂ ಮುಗಿಯುವುದಿಲ್ಲ.

ನಮ್ಮ ಕನ್ನಡ ಪೂಜೆಗೆ ಬರುವ ಹಿರಿಯ ತಾಯಿಯೊಬ್ಬರು ಒಂದು ಭಾನುವಾರ ಗೆರೆ ಎಳೆದ ದಪ್ಪ ನೋಟ್‌ಬುಕ್ ತಂದು ನನ್ನ ಮುಂದೆ ಬಿಡಿಸಿದರು. ಎಡಗಡೆ ತಾರೀಖು, ಬಲಗಡೆ ಅಧ್ಯಾಯ ಮತ್ತು ವಚನದ ಸಂಖ್ಯೆ, ಪ್ರತಿ ಸಾಲಿನ ಕೊನೆಗೆ ಕೆಂಪು ಶಾಯಿಯ ಗುರುತು. ಮೂರು ವರ್ಷದಲ್ಲಿ ಒಂದು ದಿನವೂ ಖಾಲಿ ಇರಲಿಲ್ಲ. "ಓಬದ್ಯನ ಪುಸ್ತಕ ಎಲ್ಲೂ ಸಿಗ್ತಾ ಇಲ್ಲಪ್ಪ, ನಾನು ಯಾವತ್ತು ಬಿಟ್ಟೆ ಅಂತ ಹುಡುಕಿಕೊಡು" ಎಂದರು. ಅವರು ಯಾವುದನ್ನೂ ಬಿಟ್ಟಿರಲಿಲ್ಲ. ಓಬದ್ಯನ 21 ವಚನಗಳು, ಅಂದರೆ ಹಳೆಯ ಒಡಂಬಡಿಕೆಯ ಅತಿ ಚಿಕ್ಕ ಪುಸ್ತಕ, ಭಾನುವಾರದ ಸರದಿಯಲ್ಲಾಗಲಿ ವಾರದ ದಿನಗಳ ಸರದಿಯಲ್ಲಾಗಲಿ ಬರುವುದೇ ಇಲ್ಲ. ಮೂರು ವರ್ಷ ನಿಷ್ಠೆಯಿಂದ ಓದಿದವರು ತಮ್ಮನ್ನೇ ತಪ್ಪಿತಸ್ಥರೆಂದುಕೊಂಡದ್ದು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ಈ ನಂಬಿಕೆ ಹುಟ್ಟಿದ್ದು ಒಂದು ನಿಜವಾದ ಸಂಗತಿಯಿಂದಲೇ. ಕಥೋಲಿಕ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಬಂದ ಕಥೋಲಿಕ ವಾಚನಕ್ರಮದಲ್ಲಿ, ಅಂದರೆ ಯಾವ ದಿನ ಯಾವ ಭಾಗ ಓದಬೇಕೆಂಬ ಪಟ್ಟಿಯಲ್ಲಿ, ಭಾನುವಾರಗಳಿಗೆ ಮೂರು ವರ್ಷದ ಸರದಿ ಇದೆ: ಎ ವರ್ಷದಲ್ಲಿ ಮುಖ್ಯವಾಗಿ ಮತ್ತಾಯನ ಶುಭಸಂದೇಶ, ಬಿ ವರ್ಷದಲ್ಲಿ ಮಾರ್ಕ, ಸಿ ವರ್ಷದಲ್ಲಿ ಲೂಕ. ವಾರದ ದಿನಗಳ ಮೊದಲನೆಯ ವಾಚನಕ್ಕೆ ವರ್ಷದ ಬಹುಭಾಗ ಎರಡೇ ವರ್ಷದ ಸರದಿ, ಒಂದು ಬೆಸ ವರ್ಷಕ್ಕೆ, ಇನ್ನೊಂದು ಸಮ ವರ್ಷಕ್ಕೆ. ವಾರದ ದಿನಗಳ ಶುಭಸಂದೇಶವಂತೂ ಪ್ರತಿ ವರ್ಷ ಅದೇ. ಅಂದರೆ ಮೂರನೆಯ ವರ್ಷದ ಸೋಮವಾರದಿಂದ ಶನಿವಾರದವರೆಗೆ ನೀವು ಓದುವುದು ಮೊದಲನೆಯ ವರ್ಷ ಓದಿದ್ದನ್ನೇ. ಮೂರು ವರ್ಷಕ್ಕೆ ಮುಗಿಯುವುದು ಸರದಿಯೇ ಹೊರತು ಗ್ರಂಥವಲ್ಲ.

ಲೆಕ್ಕ ಬೇಕೆನ್ನುವವರು ಹೀಗೆ ನೋಡಿ. ಪ್ರಾಟೆಸ್ಟೆಂಟರ 66 ಪುಸ್ತಕಗಳಲ್ಲೇ 1,189 ಅಧ್ಯಾಯಗಳಿವೆ, ನಮ್ಮ ಕಥೋಲಿಕ ಬೈಬಲಿನಲ್ಲಿ ಇನ್ನೂ ಏಳು ಪುಸ್ತಕಗಳು ಹೆಚ್ಚು. ಮೂರು ವರ್ಷಕ್ಕೆ ದಿನಗಳು 1,095. ಹಾಗಾದರೆ ದಿನಕ್ಕೆ ಒಂದು ಅಧ್ಯಾಯಕ್ಕಿಂತ ಹೆಚ್ಚು, ಅದೂ ಓದಿದ್ದನ್ನು ಮತ್ತೆ ಓದದಂತೆ, ಬರಬೇಕಿತ್ತು. ಬರುವುದಾದರೋ ಸಾಮಾನ್ಯವಾಗಿ ಹತ್ತು ಹದಿನೈದು ವಚನಗಳ ತುಣುಕು, ಅದರಲ್ಲೂ ನಡುವೆ ಬಿಟ್ಟ ವಚನಗಳಿರುತ್ತವೆ. ಯಾಜಕಕಾಂಡದ 27 ಅಧ್ಯಾಯಗಳಲ್ಲಿ ಈ ಎರಡೂ ಸರದಿಗಳಲ್ಲಿ ಬರುವುದು 13, 19, 23 ಮತ್ತು 25ನೆಯ ಅಧ್ಯಾಯಗಳ ಆಯ್ದ ಭಾಗಗಳು ಮಾತ್ರ. ಭಾನುವಾರಗಳನ್ನೂ ವಾರದ ದಿನಗಳನ್ನೂ ಸೇರಿಸಿದರೂ ಹೊಸ ಒಡಂಬಡಿಕೆಯಲ್ಲಿ ಸುಮಾರು ಶೇಕಡಾ 70ರಷ್ಟು ಓದಿದಂತಾಗುತ್ತದೆ, ಹಳೆಯ ಒಡಂಬಡಿಕೆಯಲ್ಲಿ, ಕೀರ್ತನೆಗಳನ್ನು ಬಿಟ್ಟರೆ, ಏಳನೆಯ ಒಂದು ಭಾಗವೂ ಆಗುವುದಿಲ್ಲ.

ಇದು ವಾಚನಕ್ರಮದ ದೋಷವಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ದೈವಾರಾಧನೆಯನ್ನು ಕುರಿತ 1963ರ ಮಹಾಸಭೆಯ ದಸ್ತಾವೇಜು ಬಯಸಿದ್ದು, ಪವಿತ್ರ ಗ್ರಂಥದ ಮುಖ್ಯ ಭಾಗಗಳನ್ನು ನಿಗದಿತ ವರ್ಷಗಳೊಳಗೆ ಜನರಿಗೆ ಓದಿ ಕೇಳಿಸಬೇಕೆಂದು. ಇಡೀ ಗ್ರಂಥವನ್ನು ಓದಿ ಮುಗಿಸಬೇಕೆಂದು ಅದು ಹೇಳಲೇ ಇಲ್ಲ. ಪೂಜೆಯಲ್ಲಿ ಮೊದಲನೆಯ ವಾಚನ, ಕೀರ್ತನೆ, ಶುಭಸಂದೇಶ ಒಂದಕ್ಕೊಂದು ಓಗೊಡುವಂತೆ ಆರಿಸಿದ ದಿನಗಳುಂಟು, ಆ ಜೋಡಣೆಯನ್ನು ಕಂಡುಕೊಳ್ಳುವುದೇ ದಿನದ ವಾಚನದ ನಿಜವಾದ ಫಲ. ಇಡೀ ಬೈಬಲ್ ಓದಬೇಕೆಂಬ ಸಂಕಲ್ಪ ಇರುವವರು ಅದಕ್ಕೆಂದೇ ಮಾಡಿದ ಬೇರೆ ಫೀಡನ್ನು ಸೇರಿಸಿಕೊಳ್ಳಲಿ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತನ್ನ ಸಭೆಯವರಿಗೆ ಮಾಡಿಕೊಟ್ಟ ಪಟ್ಟಿ ಈಗ ಫೀಡ್ ರೂಪದಲ್ಲೂ ಸಿಗುತ್ತದೆ. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯದಂತೆ ಓದಿದರೆ ವರ್ಷದಲ್ಲಿ, ಪ್ರಾಟೆಸ್ಟೆಂಟರ 66 ಪುಸ್ತಕಗಳ ಲೆಕ್ಕದಲ್ಲಿ, ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಆಗುತ್ತವೆ. ಆ ತಾಯಿಗೆ ನಾನು ಅಂದು ಓಬದ್ಯನ ಪುಸ್ತಕವನ್ನೇ ತೆಗೆದುಕೊಟ್ಟೆ, ಅಲ್ಲೇ ಬೆಂಚಿನ ಮೇಲೆ ಕುಳಿತು ಓದಿ ಮುಗಿಸಿ, ನೋಟ್‌ಬುಕ್ಕಿನಲ್ಲಿ ಹೊಸ ಸಾಲು ಬರೆದು ಕೆಂಪು ಗುರುತು ಹಾಕಿದರು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕಾಗಿದೆ: ಬೆಳಗಿನ ಲೋಕಲ್ ಹತ್ತುವಾಗ ಫೋನಿನಲ್ಲಿ ನಿನ್ನೆಯ ವಾಚನವೇ ಇದ್ದರೆ ಆ್ಯಪ್ ಕೆಟ್ಟಿದೆ ಎಂದು ಅಳಿಸಿಹಾಕಬೇಡಿ. ಆ ಫೀಡ್ ಅಮೆರಿಕದಿಂದ ಬರುತ್ತಿರಬಹುದು. ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿಯಾದಾಗ ನಮಗೆ ಚಳಿಗಾಲದಲ್ಲಿ ಬೆಳಿಗ್ಗೆ 10.30, ಬೇಸಿಗೆಯಲ್ಲಿ 9.30. ರೋಮಿನ ಮಧ್ಯರಾತ್ರಿ ನಮಗೆ 4.30 ಅಥವಾ 3.30, ಆದ್ದರಿಂದ ಬೇಗ ಹೊರಡುವವರಿಗೆ ಅಲ್ಲಿನ ಫೀಡ್ ವಾಸಿ, ಹಲವು ದಿನಗಳ ವಾಚನವನ್ನು ಮುಂಚಿತವಾಗಿಯೇ ಕೊಡುವ ಫೀಡ್ ಇನ್ನೂ ವಾಸಿ.

ತಾರೀಖು ಸರಿಯಿದ್ದೂ ವಾಚನ ಬೇರೆಯಾಗುವ ದಿನಗಳೂ ಇವೆ. ಗೋವಾದವರಿಗೆ ಡಿಸೆಂಬರ್ 3ರ ಉದಾಹರಣೆ ಸಾಕು. ಸಂತ ಫ್ರಾನ್ಸಿಸ್ ಝೇವಿಯರರ ದಿನ ರೋಮಿನ ಸಾಮಾನ್ಯ ಪಂಚಾಂಗದಲ್ಲಿ ಕೆಳದರ್ಜೆಯ ಸ್ಮರಣೆ ಮಾತ್ರ, ಆದ್ದರಿಂದ ಹೊರದೇಶದ ಫೀಡ್ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಆ ದಿನದ ವಾಚನವನ್ನೇ ಕಳಿಸುತ್ತದೆ. ನಮ್ಮಲ್ಲಿ ಆ ದಿನಕ್ಕೆ ಹೆಚ್ಚಿನ ದರ್ಜೆ ಇರುವುದರಿಂದ ಹಬ್ಬದ ವಾಚನವೇ ಬೇರೆ ಇರುತ್ತದೆ. ಪೀಠದ ಬಳಿ ನಿಂತು ಓದುವ ಜವಾಬ್ದಾರಿ ಇರುವವರು ಹಿಂದಿನ ರಾತ್ರಿಯೇ ಧರ್ಮಪ್ರಾಂತ್ಯದ ಪಂಚಾಂಗವನ್ನು ಒಮ್ಮೆ ನೋಡಿಕೊಳ್ಳಲಿ.