ಪಿಎಚ್‌.ಡಿ. ಸೇರುವ ಮೊದಲೇ ಪೇಪರ್ ಬೇಕು: ಇಲ್ಲಿಗೆ ಹೇಗೆ ಬಂದೆವು?

ಮಷೀನ್ ಲರ್ನಿಂಗ್‌ನಲ್ಲಿ, ಅಂದರೆ ದತ್ತಾಂಶದಿಂದ ಕಂಪ್ಯೂಟರ್ ತಾನೇ ಕಲಿಯುವಂತೆ ಮಾಡುವ ವಿಷಯದಲ್ಲಿ, ಪಿಎಚ್‌.ಡಿ.ಗೆ ಅರ್ಜಿ ಹಾಕುವವರಿಗೆ ಇಂದು ಮೊದಲು ಎದುರಾಗುವ ಪ್ರಶ್ನೆ, 'ದೊಡ್ಡ ಸಮ್ಮೇಳನದಲ್ಲಿ ಸಂಶೋಧನಾ ಪೇಪರ್ ಬಂದಿದೆಯೇ?' ಸಂಶೋಧನೆ ಕಲಿಯಲು ಬರುವವರನ್ನು ಸಂಶೋಧನೆಯ ಫಲ ಎಲ್ಲಿ ಎಂದು ಕೇಳುವ ಪರಿಪಾಠ ಹಳೆಯದೇನಲ್ಲ.

ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಮೊದಲ ಪಿಎಚ್‌.ಡಿ.ಗಳು ಬಂದದ್ದು 1965ರಲ್ಲಿ. ವಿಷಯ ಓಡುವ ವೇಗಕ್ಕೆ ಜರ್ನಲ್‌ಗಳು ಹೊಂದಲಿಲ್ಲ, ಸಮ್ಮೇಳನಗಳೇ ಮುಖ್ಯ ವೇದಿಕೆಯಾದವು. ಇಂದು ನ್ಯೂರಿಪ್ಸ್ ಎನಿಸಿಕೊಂಡಿರುವ, ಮಷೀನ್ ಲರ್ನಿಂಗ್‌ನ ದೊಡ್ಡ ಸಮ್ಮೇಳನಗಳಲ್ಲೊಂದು 1987ರಲ್ಲಿ ಡೆನ್ವರ್‌ನಲ್ಲಿ ಆರಂಭವಾಯಿತು. 2012ರಲ್ಲಿ ಟೊರೊಂಟೊದ ಮೂವರು ಎರಡು ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್‌ಗಳ ಮೇಲೆ ತರಬೇತಿ ಕೊಟ್ಟ ಅಲೆಕ್ಸ್‌ನೆಟ್ ಎಂಬ ಮಷೀನ್ ಲರ್ನಿಂಗ್ ವ್ಯವಸ್ಥೆ, ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಸುಮಾರು ಶೇ 15ರಷ್ಟೇ ತಪ್ಪು ಮಾಡಿತು. ಎರಡನೇ ಸ್ಥಾನದವರದು ಶೇ 26. ಅಲ್ಲಿಂದ ಈ ಕ್ಷೇತ್ರಕ್ಕೆ ಜನ ಮುಗಿಬಿದ್ದರು.

2014ರಲ್ಲಿ ನ್ಯೂರಿಪ್ಸ್‌ನ ಕಾರ್ಯಕ್ರಮ ಅಧ್ಯಕ್ಷರಾಗಿದ್ದ ಕೊರಿನಾ ಕಾರ್ಟೆಸ್ ಮತ್ತು ನೀಲ್ ಲಾರೆನ್ಸ್ ಒಂದು ಪರೀಕ್ಷೆ ನಡೆಸಿದರು. ಬಂದಿದ್ದ ಪೇಪರ್‌ಗಳಲ್ಲಿ ಸುಮಾರು ಹತ್ತನೇ ಒಂದು ಭಾಗವನ್ನು, ಅಂದರೆ 166ನ್ನು, ಸ್ವೀಕರಿಸಬೇಕೇ ಬೇಡವೇ ಎಂದು ಎರಡು ಸಮಿತಿಗಳು ಬೇರೆಬೇರೆಯಾಗಿ ಪರಿಶೀಲಿಸಿದವು. 43ರಲ್ಲಿ ತೀರ್ಪು ಹೊಂದಲಿಲ್ಲ. ಶೇ 26 ಎಂದರೆ ಕಡಿಮೆ ಎನಿಸಬಹುದು, ಆದರೆ ಹೆಚ್ಚಿನವು ಹೇಗೂ ತಿರಸ್ಕೃತವಾಗುವಂಥವು. ಒಂದು ಸಮಿತಿ ಒಪ್ಪಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ತಳ್ಳಿಹಾಕಿತ್ತು ಎಂಬುದೇ ಇಲ್ಲಿ ಮುಖ್ಯ. ಏಳು ವರ್ಷಗಳ ನಂತರ ಅದೇ ಇಬ್ಬರು ಹಿಂತಿರುಗಿ ನೋಡಿದಾಗ, ಸ್ವೀಕೃತ ಪೇಪರ್‌ಗಳಿಗೆ ಅಂದು ಸಿಕ್ಕ ಗುಣಮಟ್ಟದ ಅಂಕಕ್ಕೂ ಮುಂದೆ ಅವನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂಬುದಕ್ಕೂ ಸಂಬಂಧ ಕಾಣಲಿಲ್ಲ. ತೀರಾ ಕಳಪೆಯಾದದ್ದನ್ನು ಸಮಿತಿಗಳು ಗುರುತಿಸಬಲ್ಲವು. ಉತ್ತಮವಾದವುಗಳಲ್ಲಿ ಯಾವುದು ಮೇಲು ಎಂದು ತೂಗುವುದು ಅವುಗಳಿಂದಾಗಲಿಲ್ಲ. 2021ರಲ್ಲಿ ಮತ್ತೆ ಪರೀಕ್ಷಿಸಿದಾಗಲೂ ಫಲಿತಾಂಶ ಹೆಚ್ಚು ಬದಲಾಗಲಿಲ್ಲ.

ಅಷ್ಟರಲ್ಲಿ ಈ ತಕ್ಕಡಿಯ ಮೇಲೆ ಭಾರ ಬೆಳೆಯುತ್ತಲೇ ಇತ್ತು. 2014ರಲ್ಲಿ ನ್ಯೂರಿಪ್ಸ್‌ಗೆ ಬಂದ ಪೇಪರ್ 1,700ಕ್ಕೂ ಕಡಿಮೆ. 2025ರಲ್ಲಿ 21,000ಕ್ಕೂ ಹೆಚ್ಚು. ಇಷ್ಟನ್ನು ಓದಲು ಅನುಭವಿಗಳು ಸಾಲದೆ, ಪರಿಶೀಲನೆಯ ದೊಡ್ಡ ಪಾಲು ಪಿಎಚ್‌.ಡಿ. ವಿದ್ಯಾರ್ಥಿಗಳ ಹೆಗಲೇರಿದೆ. ತಿರಸ್ಕೃತವಾದದ್ದು ಅಲ್ಪಸ್ವಲ್ಪ ತಿದ್ದುಪಡಿಯೊಡನೆ ಮುಂದಿನ ಸಮ್ಮೇಳನಕ್ಕೆ ಹೋಗುತ್ತದೆ, ಅಲ್ಲಿ ಇನ್ನೂ ಮೂರ್ನಾಲ್ಕು ಜನ ಅದನ್ನೇ ಓದುತ್ತಾರೆ. ಕೆಲವು ಸಮ್ಮೇಳನಗಳು ಈಗ ಪೇಪರ್ ಕಳಿಸುವವರೇ ಇತರರ ಪೇಪರ್ ಪರಿಶೀಲಿಸಬೇಕೆಂದು ನಿಯಮ ಮಾಡಿವೆ.

ಸಾವಿರಾರು ಅರ್ಜಿಗಳ ಮುಂದೆ ಕೂತ ಪ್ರಾಧ್ಯಾಪಕರಿಗೆ ಪೇಪರ್ ಎಣಿಸುವುದು ಸುಲಭದ ದಾರಿ, ಅದು ಅರ್ಥವಾಗುತ್ತದೆ. ಆದರೆ ಅನುಭವಿ ಗೈಡ್ ಆಗಲಿ ಕಂಪ್ಯೂಟರ್ ಬಲವಾಗಲಿ ಇಲ್ಲದ ಕಾಲೇಜಿನಿಂದ ಬಂದ ಅಭ್ಯರ್ಥಿಯ ಬಳಿ ಎಣಿಸಲು ಏನೂ ಇರುವುದಿಲ್ಲ; ಎರಡು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಕೂತವರ ಬಳಿಯೂ ಅಷ್ಟೇ.