ಕೂರುವ ಗಾಡಿಯೋ, ಓಡುವ ಗಾಡಿಯೋ?

ಮುಂಬೈ ಹೊರವಲಯದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಧಾರವಾಡದ ಕಡೆಯ ಇಬ್ಬರಿದ್ದಾರೆ. ಇಬ್ಬರ ಕಚೇರಿಯೂ ಮುಂಬೈನ ಫೋರ್ಟ್‌ನಲ್ಲಿ; ವಯಸ್ಸು, ಸಂಬಳ ಹೆಚ್ಚುಕಡಿಮೆ ಒಂದೇ; ಇಬ್ಬರ ಕಿಸೆಯಲ್ಲೂ ಲೋಕಲ್ ರೈಲಿನ ಸೆಕೆಂಡ್ ಕ್ಲಾಸ್ ಪಾಸು. ಒಬ್ಬರು ಕಲ್ಯಾಣದ ಕಡೆಯಿಂದ ತುಂಬಿಕೊಂಡೇ ಬರುವ ಫಾಸ್ಟ್ ಲೋಕಲ್‌ನ ಬಾಗಿಲಿಗೆ ಜೋತುಬೀಳುತ್ತಾರೆ. ಇನ್ನೊಬ್ಬರು ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಗಾಡಿಗೆ ಕಾಯುತ್ತಾರೆ. ಕಿಟಕಿ ತಪ್ಪಿದರೆ ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕೂರುವ ‘ಫೋರ್ತ್ ಸೀಟ್’ ಆದರೂ ಅವರಿಗೆ ಸಾಕು. ಸಮೀಕ್ಷೆಯ ಹಾಳೆಯಲ್ಲಿ ಇವರಿಬ್ಬರನ್ನು ಬೇರ್ಪಡಿಸುವ ಒಂದು ಅಂಕಣವೂ ಇರುವುದಿಲ್ಲ.

ಇಂಥ ಆಯ್ಕೆಗಳನ್ನು ಲೆಕ್ಕಕ್ಕೆ ಒಗ್ಗಿಸಿದವರಲ್ಲಿ ಪ್ರಮುಖರು ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್. ಸಮಯ, ದರ, ಆಸನ ಇವಕ್ಕೆ ಒಂದೊಂದು ತೂಕ ಕೊಟ್ಟು ಕೂಡಿಸಿ, ಉಳಿದ ಕಾರಣಗಳನ್ನು ಆಕಸ್ಮಿಕವೆಂದು ಬದಿಗಿಟ್ಟರೆ, ಯಾವ ಗಾಡಿಯನ್ನು ಆರಿಸುವ ಸಂಭವ ಎಷ್ಟೆಂದು ‘ಲಾಜಿಟ್’ ಎಂಬ ಸರಳ ಸೂತ್ರ ಹೇಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬಾರ್ಟ್ ರೈಲು 1972ರಲ್ಲಿ ಶುರುವಾಗುವ ಮೊದಲು ಅಧಿಕೃತ ಅಂದಾಜು ಆ ಪ್ರದೇಶದ ಪ್ರಯಾಣಿಕರಲ್ಲಿ ಶೇ. 15ರಷ್ಟು ಜನ ಅದಕ್ಕೆ ಬರುತ್ತಾರೆ ಎಂದಿದ್ದರೆ, ಅವರ ತಂಡ ಶೇ. 6.3 ಎಂದಿತ್ತು; ಬಂದವರು ಶೇ. 6.2. ಅವರಿಗೆ 2000ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಆದರೆ ಸರಳ ಲಾಜಿಟ್‌ನಲ್ಲಿ ತೂಕಗಳು ಎಲ್ಲರಿಗೂ ಒಂದೇ. ಅದರಿಂದಾಗುವ ಎಡವಟ್ಟನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಬಹುದು. ನೂರು ಜನರಲ್ಲಿ ಐವತ್ತು ಜನ ಸ್ಲೋ ಹತ್ತುತ್ತಾರೆ ಎನ್ನೋಣ. ಎಲ್ಲರೂ ಒಂದೇ ಮನಸ್ಸಿನವರಾದರೆ ಪ್ರತಿಯೊಬ್ಬರೂ ತಕ್ಕಡಿಯ ನಟ್ಟನಡುವೆ ನಿಂತವರು. ಫಾಸ್ಟ್ ಗಾಡಿ ತುಸು ಆಕರ್ಷಕವಾಗಿ ಸ್ಲೋ ಗಾಡಿಯ ಸಂಖ್ಯೆ 40ಕ್ಕೆ ಇಳಿಯಿತು ಎಂದುಕೊಳ್ಳಿ. ಅದೇ ಐವತ್ತು ಬೇರೆ ರೀತಿಯಲ್ಲೂ ಬರಬಹುದು: ಅರ್ಧ ಜನ ಹತ್ತರಲ್ಲಿ ಒಂಬತ್ತು ದಿನ ಸ್ಲೋ ಹಿಡಿಯುವವರು, ಉಳಿದರ್ಧ ಒಂದೇ ದಿನ ಹಿಡಿಯುವವರು. ಆಕರ್ಷಣೆ ಅಷ್ಟೇ ಹೆಚ್ಚಿದರೂ ಆಗ ಸಂಖ್ಯೆ ಇಳಿಯುವುದು ಸುಮಾರು 46ಕ್ಕೆ ಮಾತ್ರ. ಆರಂಭದ ಸರಾಸರಿ ಒಂದೇ, ಆದರೆ ಕದಲಿದವರು ಹತ್ತು ಜನರಲ್ಲ, ನಾಲ್ವರು. ಹೊಸ ಗಾಡಿ ಓಡಿಸುವವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಹಾಗಾಗಿ ‘ಮಿಶ್ರ ಲಾಜಿಟ್’ನಲ್ಲಿ ಆಸನದ ತೂಕ ಒಂದು ಸಂಖ್ಯೆಯಲ್ಲ, ಜನರ ನಡುವೆ ಹರಡಿಕೊಂಡ ಒಂದು ವಿತರಣೆ. ಆ ಹರವಿನ ಮೇಲೆ ಸಂಭವದ ಸರಾಸರಿ ತೆಗೆಯಲು ಸಿದ್ಧಸೂತ್ರವಿಲ್ಲದ ಕಾರಣ ಕಂಪ್ಯೂಟರ್ ಅದರಿಂದ ನೂರಾರು ತೂಕಗಳನ್ನು ಚೀಟಿ ಎತ್ತಿದಂತೆ ಎತ್ತಿ, ಪ್ರತಿಯೊಂದಕ್ಕೂ ಲಾಜಿಟ್ ಲೆಕ್ಕ ಹಾಕಿ, ಸರಾಸರಿ ಮಾಡುತ್ತದೆ. ಜನರ ನಿಜವಾದ ಆಯ್ಕೆಗಳಿಗೆ ಅತಿ ಹೆಚ್ಚು ಸಂಭವ ಕೊಡುವಂತೆ ಹರವಿನ ನಡುವನ್ನೂ ಅಗಲವನ್ನೂ ತಿದ್ದುತ್ತಾ ಹೋಗುತ್ತದೆ. ಚೀಟಿಗಳನ್ನು ಕುರುಡಾಗಿ ಎತ್ತುವ ಬದಲು ಹಾಲ್ಟನ್ ಸರಣಿ ಎಂಬ ಸಂಖ್ಯಾಕ್ರಮದಂತೆ ಸಮನಾಗಿ ಹರಡಿ ಎತ್ತಿದರೆ ಕಡಿಮೆ ಚೀಟಿಗಳಲ್ಲೇ ಕೆಲಸವಾಗುವುದುಂಟು.

ಇಷ್ಟಕ್ಕೆಲ್ಲ ಒಬ್ಬರ ಒಂದೇ ದಿನದ ಆಯ್ಕೆ ಸಾಲದು. ಅದು ಅಭಿರುಚಿಯೋ ಆಕಸ್ಮಿಕವೋ ಎಂದು ತಿಳಿಯಲು ಅದೇ ವ್ಯಕ್ತಿಯ ಹಲವು ಬೆಳಗುಗಳು ಬೇಕು. ಆ ಬೆಳಗುಗಳ ಆಯ್ಕೆಗಳ ಸಂಭವಗಳನ್ನು ಒಂದೇ ತೂಕದಡಿ ಗುಣಿಸಿ, ಆಮೇಲೆ ಸರಾಸರಿ ತೆಗೆಯಬೇಕು.

ಆಗಲೂ ಒಂದು ಗಂಟು ಉಳಿಯುತ್ತದೆ. ಸ್ಲೋ ಗಾಡಿಯ ನೆರೆಯವರನ್ನು ಕೇಳಿದರೆ, “ಸೀಟಿನ ಆಸೆಗೆ ಅಲ್ರೀ, ರೂಢಿ ಆಗೇತಿ” ಎಂದರು. ಅಭಿರುಚಿಯನ್ನೂ ರೂಢಿಯನ್ನೂ ಬೇರ್ಪಡಿಸುವ ಈ ಪ್ರಶ್ನೆಯ ಮೇಲೆ ಬಹಳ ದುಡಿದವರು, ಅದೇ ವರ್ಷದ ನೊಬೆಲ್ ಹಂಚಿಕೊಂಡ ಜೇಮ್ಸ್ ಹೆಕ್‌ಮನ್. ಮಳೆಗೆ ಸ್ಲೋ ಲೈನ್ ಕೆಲವು ದಿನ ನಿಂತು, ಅನಿವಾರ್ಯವಾಗಿ ಫಾಸ್ಟ್ ಹಿಡಿದ ಇಂಥವರು ಲೈನ್ ಸರಿಹೋದ ಮೇಲೆ ಹಳೆಯ ಬೆಂಚಿಗೆ ಮರಳಿದರೇ, ಇಲ್ಲ ಬಾಗಿಲಲ್ಲೇ ಉಳಿದರೇ ಎಂಬ ದಾಖಲೆ ಸಿಕ್ಕರೆ ಆ ಗಂಟು ಸ್ವಲ್ಪ ಸಡಿಲವಾಗುತ್ತದೆ.