ಕಾರ್ಡನ್ನೇ ಹಿಗ್ಗಿಸಿದರೆ ಲೆಟರ್‌ಹೆಡ್ ಆಗುತ್ತದೆಯೇ?

ಪ್ರಶ್ನೆ: ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ವಿಸಿಟಿಂಗ್ ಕಾರ್ಡ್ ಸಿದ್ಧವಾಗಿದೆ. ಅದನ್ನೇ ದೊಡ್ಡದು ಮಾಡಿ ಲೆಟರ್‌ಹೆಡ್‌ಗೂ ಕವರಿಗೂ ಬಳಸಬಹುದೇ?

ಉತ್ತರ: ಬೇಡ. 90 ಮಿ.ಮೀ. ಅಗಲ, 54 ಮಿ.ಮೀ. ಎತ್ತರದ ಕಾರ್ಡನ್ನು ಎ4 ಹಾಳೆಯ 210 ಮಿ.ಮೀ. ಅಗಲಕ್ಕೆ ಹಿಗ್ಗಿಸಿದರೆ ಅದರ ಎತ್ತರ 126 ಮಿ.ಮೀ. ಆಗುತ್ತದೆ. ಪತ್ರ ಬರೆಯುವ ಮೊದಲೇ ಹಾಳೆಯ ಐದರಲ್ಲಿ ಎರಡು ಪಾಲು ಮುಗಿದಿರುತ್ತದೆ, ನಿಮ್ಮ ಹೆಸರು ಅಂಗಡಿಯ ಬೋರ್ಡಿನಂತೆ ನಿಂತಿರುತ್ತದೆ.

ಮೂರಕ್ಕೂ ಹೊಂದಿಕೆ ತರುವುದು ಒಂದೇ ಫಾಂಟ್, ಒಂದೇ ಬಣ್ಣ, ಹೆಸರಿನ ಕೆಳಗೆ ವಿಳಾಸ ಕೂರುವ ಒಂದೇ ರೀತಿ. ಅಕ್ಷರದ ಗಾತ್ರ ಹೆಚ್ಚು ಬದಲಾಗಬೇಕಿಲ್ಲ. ಕಾರ್ಡಿನಲ್ಲಿ ಹೆಸರು 12 ಪಾಯಿಂಟ್ ಇದ್ದರೆ ಲೆಟರ್‌ಹೆಡ್‌ನಲ್ಲಿ 14 ಧಾರಾಳವಾಯಿತು.

ಕನ್ನಡದ ವಿಳಾಸಕ್ಕೆ ವಿಶೇಷ ಕಾಳಜಿ ಬೇಕು. ಇಂಗ್ಲಿಷಿಗೆಂದು ಹೊಂದಿಸಿದ ಸಾಲುಗಳ ಅಂತರದಲ್ಲಿ ಕನ್ನಡ ಕೂರಿಸಿದರೆ ‘ಮುಖ್ಯರಸ್ತೆ’ಯ ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗುತ್ತವೆ. ಅಂತರ ಹೆಚ್ಚಿಸಿ, ಜಾಗ ಸಾಲದಿದ್ದರೆ ವಿಳಾಸದ ಒಂದು ಸಾಲನ್ನು ಕೈಬಿಡಿ. ಅಕ್ಷರವನ್ನು ಮಾತ್ರ ಕುಗ್ಗಿಸಬೇಡಿ. ಪ್ರೆಸ್‌ನವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಒಡೆದುಹೋಗಬಹುದು. ಆದ್ದರಿಂದ ಫಾಂಟ್ ಅಡಕವಾಗಿರುವ ಪಿಡಿಎಫ್ ಕೊಡಿ, ಕರಡಚ್ಚನ್ನು ಅಕ್ಷರ ಅಕ್ಷರವಾಗಿ ಓದಿ ಒಪ್ಪಿಗೆ ಕೊಡಿ. ಹೆಸರೇ ತಪ್ಪಾಗಿ ಅಚ್ಚಾದರೆ ಆಗುವ ಸಂಕಟ ದೊಡ್ಡದು.

ಬಣ್ಣದ ವಿಷಯ: ಲ್ಯಾಮಿನೇಷನ್ ಮಾಡಿದ ಕಾರ್ಡಿನ ಮೇಲೆ ಹೊಳೆಯುವ ನೀಲಿ, 100 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ತೂಗುವ ಗ್ರಾಂ) ಬಾಂಡ್ ಕಾಗದ ಶಾಯಿಯನ್ನು ಹೀರಿಕೊಳ್ಳುವುದರಿಂದ ಅಲ್ಲಿ ಮಂಕಾಗುತ್ತದೆ. ಕಾರ್ಡಿಗೂ ಹೊಳಪಿಲ್ಲದ 300 ಜಿಎಸ್‌ಎಂ ಕಾಗದವನ್ನೇ ಆರಿಸಿ ಎನ್ನುತ್ತೇನೆ. ಹಿಂಬದಿಯಲ್ಲಿ ಪೆನ್ನಿನಿಂದ ಏನಾದರೂ ಬರೆದುಕೊಡಲೂ ಆಗುತ್ತದೆ.

ಕವರಿನ ಬಲಬದಿಯನ್ನು ಮುಟ್ಟಬೇಡಿ. ಮೇಲಿನ ಮೂಲೆ ಅಂಚೆಚೀಟಿಗೆ, ಕೆಳಗಿನ ಭಾಗ ಪಡೆಯುವವರ ವಿಳಾಸ ಮತ್ತು ಆರಂಕಿಯ ಪಿನ್ ಕೋಡ್‌ಗೆ. ನಿಮ್ಮ ಹೆಸರು, ವಿಳಾಸ ಎಡಕ್ಕಿರಲಿ. ಲೆಟರ್‌ಹೆಡ್‌ನಲ್ಲೂ ಎಡಕ್ಕೇ ಇಟ್ಟರೆ ಹೊಂದಿಕೆ ತಾನಾಗಿ ಬರುತ್ತದೆ. ಎ4 ಹಾಳೆಯನ್ನು ಮೂರಾಗಿ ಮಡಿಸಿದರೆ 99 ಮಿ.ಮೀ. ಎತ್ತರ, 9×4 ಇಂಚಿನ ಕವರಿನ ಎತ್ತರ ಸುಮಾರು 102. ಎರಡು ಹಾಳೆಯಿಟ್ಟರೆ ಬಿಗಿಯಾಗುತ್ತದೆ. 220×110 ಮಿ.ಮೀ. ಅಳತೆಯದನ್ನು ಕೇಳಿ ಪಡೆಯಿರಿ.